ಕುಂಡದ ಅಲಂಕಾರಿಕ ಗಿಡಗಳು: ಖರೀದಿಯಿಂದ ಸಸ್ಯಾಭಿವೃದ್ಧಿಯ ಕಡೆಗೆ

ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ



ಆಗಸ್ಟ್ 15 ಮತ್ತು ಜನವರಿ 26ರ ಮುನ್ನಾದಿನಗಳಲ್ಲಿ ಅನೇಕ ಗ್ರಾಮ ಪಂಚಾಯಿತಿ ಕಚೇರಿಗಳ ಮುಂದೆ ಹೂಕುಂಡಗಳ ಹೊಸ ಸಾಲೊಂದು ಕಾಣಿಸಿಕೊಳ್ಳುತ್ತದೆ. ಧ್ವಜಕಟ್ಟೆಯ ಸುತ್ತ ಕ್ರೋಟನ್, ಮೆಟ್ಟಿಲಿನ ಇಕ್ಕೆಲಗಳಲ್ಲಿ ಅರೆಕಾ ಪಾಮ್, ಅಧ್ಯಕ್ಷರ ಕೊಠಡಿಯಲ್ಲೊಂದು ಡ್ರಸೀನಾ. ಯುಗಾದಿಯ ವೇಳೆಗೆ ಇವುಗಳಲ್ಲಿ ಬಹಳಷ್ಟು ಒಣಕಡ್ಡಿಗಳಾಗಿರುತ್ತವೆ. ಕುಂಡಗಳು ಚಹಾ ಲೋಟ ಎಸೆಯುವ ತೊಟ್ಟಿಗಳಾಗಿರುತ್ತವೆ. ಮುಂದಿನ ಆಗಸ್ಟ್ ಬಂದಾಗ ಮತ್ತೊಂದು ಬಿಲ್ಲು ಸಭೆಯ ಮುಂದೆ ಬರುತ್ತದೆ. ಮೊತ್ತ ದೊಡ್ಡದಲ್ಲವಾದ್ದರಿಂದ ಅದರ ಮೇಲೆ ಚರ್ಚೆ ನಡೆಯುವುದು ವಿರಳ. ಆದರೆ ಅದು ಮನೆ ಕಂದಾಯದಿಂದಲೂ ನೀರಿನ ಕರದಿಂದಲೂ ಕೂಡಿಬಂದ ಸ್ವಂತ ಸಂಪನ್ಮೂಲದ ಹಣ. ವರ್ಷಕ್ಕೆರಡು ಬಾರಿ ಕೊಂಡರೆ ಒಂದು ಆಡಳಿತಾವಧಿಯ ಐದು ವರ್ಷಗಳಲ್ಲಿ ಅದೇ ಕುಂಡಕ್ಕೆ ಅದೇ ಗಿಡವನ್ನು ಹತ್ತು ಸಲ ಕೊಂಡಂತಾಗುತ್ತದೆ. ಅದೇ ಊರಿನ ಸ್ವಸಹಾಯ ಸಂಘಗಳ ಮಹಿಳೆಯರು ಮನೆಯಂಗಳದಲ್ಲಿ ಕಡ್ಡಿ ಊರಿ ದಾಸವಾಳ, ಕ್ರೋಟನ್‌ಗಳನ್ನು ಬೆಳೆಸಿಕೊಂಡಿರುವಾಗ ಈ ಹಣ ಜಿಲ್ಲೆಯಾಚೆಗೆ, ಎಷ್ಟೋ ವೇಳೆ ರಾಜ್ಯದಾಚೆಗೆ ಹರಿಯುತ್ತಿರುವುದು ವಿಚಾರಾರ್ಹ. ಈ ಗಿಡಗಳು ಏಕೆ ಸಾಯುತ್ತವೆ, ಅವನ್ನು ಊರಿನಲ್ಲೇ ಹೇಗೆ ಹೆಚ್ಚಿಸಬಹುದು ಹಾಗೂ ಅದಕ್ಕಾಗಿ ಪಂಚಾಯಿತಿ ಕೈಗೊಳ್ಳಬೇಕಾದ ಕ್ರಮವೇನು ಎಂಬುದೇ ಇಂದಿನ ವಿಷಯ.

ಮೊದಲಿಗೆ ಗಿಡಗಳ ತವರನ್ನು ತಿಳಿಯಬೇಕು. ರಸ್ತೆಬದಿಯ ವಾಹನಗಳಲ್ಲಿಯೂ ಪಟ್ಟಣದ ನರ್ಸರಿಗಳಲ್ಲಿಯೂ ಮಾರಾಟವಾಗುವ ಅಲಂಕಾರಿಕ ಗಿಡಗಳು ಹಲವು ಕಡೆಗಳಿಂದ ಬರುತ್ತವೆ. ಅವುಗಳಲ್ಲಿ ಹೆಸರಾಂತ ಕೇಂದ್ರ ಆಂಧ್ರಪ್ರದೇಶದ ರಾಜಮಹೇಂದ್ರವರಂ ಬಳಿಯ ಕಡಿಯಂ. ಗೋದಾವರಿಯ ಮೆಕ್ಕಲುಮಣ್ಣು, ತೇವಭರಿತ ಗಾಳಿ, ನೆರಳುಬಲೆಯ ಆಶ್ರಯ ಇವುಗಳಲ್ಲಿ ಬೆಳೆದ ಗಿಡ ಲಾರಿಯೇರಿ ವಿಜಯಪುರಕ್ಕೋ ರಾಯಚೂರಿಗೋ ಚಿತ್ರದುರ್ಗಕ್ಕೋ ಬಂದಿಳಿದು, ಮರುದಿನವೇ ಬಿಸಿಲಿನ ಧ್ವಜಕಟ್ಟೆಯ ಮುಂದೆ ನಿಲ್ಲುತ್ತದೆ. ಎಲೆ ಉದುರದಿದ್ದರೆ ಆಶ್ಚರ್ಯ. ಹೊಸ ಗಿಡವನ್ನು ಕನಿಷ್ಠ ಹದಿನೈದು ದಿನ ನೆರಳಿನಲ್ಲಿರಿಸಿ, ಬಳಿಕ ಬೆಳಗಿನ ಬಿಸಿಲಿಗೆ ಮಾತ್ರ ಒಡ್ಡಿ, ಕ್ರಮೇಣ ಬಯಲಿಗೆ ತರಬೇಕು. ಹೀಗೆ ಪ್ರತ್ಯೇಕವಾಗಿರಿಸಿದ ಅವಧಿಯಲ್ಲಿ ಎಲೆಯ ಅಡಿಭಾಗವನ್ನೂ ಕಾಂಡದ ಸಂದುಗಳನ್ನೂ ಪರೀಕ್ಷಿಸಿದರೆ, ಹತ್ತಿಯಂತೆ ಬಿಳಿಯಾಗಿ ಅಂಟಿಕೊಂಡಿರುವ ಹಿಟ್ಟು ತಿಗಣೆ ಹಳೆಯ ಗಿಡಗಳಿಗೆ ದಾಟುವ ಮೊದಲೇ ಕಣ್ಣಿಗೆ ಬೀಳುತ್ತದೆ.

ದೂರದಿಂದ ಬಂದ ಗಿಡಗಳ ಇನ್ನೊಂದು ತೊಡಕು ಬೇರಿನ ಸುತ್ತಲಿನ ಅಂಟುಮಣ್ಣಿನ ಉಂಡೆ. ಸಾಗಾಟದಲ್ಲಿ ಒಡೆಯದಿರಲೆಂದು ಗಟ್ಟಿಯಾಗಿ ಮೆತ್ತಿದ ಈ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಇಟ್ಟಿಗೆಯಂತಾಗುತ್ತದೆ. ಸುತ್ತಲಿನ ಹೊಸ ಮಣ್ಣಿನಲ್ಲಿ ನೀರು ಇಳಿದುಹೋಗುತ್ತದೆ, ಉಂಡೆಯೊಳಗಿನ ಬೇರು ಒಣಗಿಯೇ ಇರುತ್ತದೆ. ಕುಂಡ ಬದಲಿಸುವಾಗ ಉಂಡೆಯನ್ನು ನೀರಿನಲ್ಲಿ ನೆನೆಸಿ, ಹೊರಪದರವನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸುವುದು ಅಗತ್ಯ.

ಆದಾಗ್ಯೂ ಹೆಚ್ಚಿನ ಗಿಡಗಳ ಸಾವಿಗೆ ಕಾರಣ ಬರವಲ್ಲ, ಬಸಿಯದ ನೀರು. ಗಿಡ ಬಾಡಿದೊಡನೆ ನೀರಗಂಟಿಯನ್ನು ಕರೆದು ನೀರು ಹಾಕಲಿಲ್ಲವೆಂದು ಗದರಿಸುವುದು ಕಚೇರಿಗಳ ವಾಡಿಕೆ. ಗದರಿಸುವ ಮೊದಲು ಸತ್ತ ಗಿಡವನ್ನು ಕುಂಡದಿಂದ ಹೊರತೆಗೆದು ಬೇರನ್ನು ನೋಡುವುದು ನ್ಯಾಯ. ಬೇರು ಒಣಗಿ ಮುಟ್ಟಿದರೆ ಮುರಿಯುವಂತಿದ್ದರೆ ನೀರು ಸಾಲದೆ ಹೋಗಿದೆ. ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರು ಉಳಿಯುವಂತಿದ್ದು ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿದೆ. ಕೊಳೆತ ಬೇರು ನೀರು ಹೀರಲಾರದು. ಆದ್ದರಿಂದ ಒದ್ದೆಮಣ್ಣಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ. ಅದನ್ನು ಕಂಡು ಇನ್ನೊಂದು ಬಿಂದಿಗೆ ನೀರು ಸುರಿದರೆ ಉಳಿದ ಜೀವವೂ ಹೋಗುತ್ತದೆ. ಆ ನೀರಗಂಟಿ ಬಹುಶಃ ಹೇಳಿದ ಕೆಲಸವನ್ನು ತಪ್ಪದೆ ಮಾಡಿದವನೇ ಆಗಿರುತ್ತಾನೆ.

ಇಲ್ಲಿ ಬಹುಜನ ನಂಬಿರುವ ಒಂದು ಪದ್ಧತಿಯನ್ನು ತಿದ್ದಬೇಕಾಗಿದೆ. ಕುಂಡದ ತಳಕ್ಕೆ ಎರಡಂಗುಲ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಸರಿಯಲ್ಲ. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಕೆಳಗಿನ ಜಲ್ಲಿಯ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಹೀಗಾಗಿ ಯಾವುದೇ ಕುಂಡದಲ್ಲಿ ಮಣ್ಣಿನ ತಳಭಾಗದಲ್ಲಿ ನೀರು ತುಂಬಿದ ಒಂದು ಪಟ್ಟಿ ಉಳಿದೇ ಉಳಿಯುತ್ತದೆ. ಅದರ ದಪ್ಪ ಮಣ್ಣಿನ ಗುಣವನ್ನು ಅವಲಂಬಿಸಿರುತ್ತದೆ. ಜಲ್ಲಿ ಹಾಕಿದರೆ ಆ ಪಟ್ಟಿ ಇಲ್ಲವಾಗುವುದಿಲ್ಲ, ಎರಡಂಗುಲ ಮೇಲಕ್ಕೇರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಅಂಗೈಯ ಮೇಲೆ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಮತ್ತಷ್ಟು ನೀರು ಸುರಿಯುತ್ತದೆ. ಸ್ಪಂಜು ಅದೇ, ನೀರೂ ಅದೇ; ಎತ್ತರ ಮಾತ್ರ ಬದಲಾಗಿದೆ. ಅಗಲವಾದ ತಗ್ಗು ಕುಂಡಕ್ಕಿಂತ ಎತ್ತರದ ಕುಂಡ ಬೇರಿಗೆ ಹೆಚ್ಚು ಗಾಳಿಯಾಡುವ ಜಾಗ ಕೊಡುವುದು ಇದೇ ಕಾರಣಕ್ಕೆ. ಸದಸ್ಯರು ಈ ಪ್ರಯೋಗವನ್ನು ಮನೆಯಲ್ಲಿ ಮಾಡಿ ನೋಡಬಹುದು.

ಆದುದರಿಂದ ತಳದ ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹಂಚಿನ ಚೂರು ಸಾಕು. ಸುಧಾರಣೆ ಆಗಬೇಕಾದುದು ಇಡೀ ಮಿಶ್ರಣದಲ್ಲಿ. ಕೆಂಪುಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಪ್ರಮಾಣ. ಉತ್ತರದ ಜಿಲ್ಲೆಗಳ ಎರೆಮಣ್ಣು ಹೊಲಕ್ಕೆ ಎಷ್ಟೇ ಶ್ರೇಷ್ಠವಾದರೂ ಕುಂಡಕ್ಕೆ ಸಲ್ಲದು. ತೊಯ್ದಾಗ ಉಬ್ಬಿ ಒಣಗಿದಾಗ ಬಿರಿಯುವ ಅದು ಎಳೆಬೇರನ್ನು ಹರಿಯುತ್ತದೆ. ಕಾಮಗಾರಿಯಲ್ಲಿ ಉಳಿದ ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ತೊಳೆದೇ ಬಳಸಬೇಕು. ಅದರಲ್ಲಿನ ಕಲ್ಲುಪುಡಿ ಕಾಂಕ್ರೀಟಿಗೆ ಒಗ್ಗೀತು, ಬೇರಿಗೆ ಒಗ್ಗದು. ನಾರಿನ ಪುಡಿಯ 5 ಕೆ.ಜಿ. ತೂಕದ ಒತ್ತಿದ ಇಟ್ಟಿಗೆಯೊಂದು ನೆನೆದಾಗ ಸುಮಾರು 70 ಲೀಟರಿನಷ್ಟು ಆಗುತ್ತದೆ. ಅದರಲ್ಲಿರಬಹುದಾದ ಉಪ್ಪಿನಂಶ ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿರುವ ಹುದುಗಿಸಿದ ನಾರಿನ ಪುಡಿಯೂ ಸಸಿಮಡಿಗೆ ಉತ್ತಮ.

ನೀರಿನ ಪ್ರಮಾಣದಷ್ಟೇ ನೀರಿನ ಗುಣವೂ ಮುಖ್ಯ. ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬರುವ ತ್ಯಾಜ್ಯ ನೀರನ್ನು ಗಿಡಗಳಿಗೆ ಹಾಯಿಸಿ ನೀರು ಉಳಿಸಲಾಗಿದೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಪಂಚಾಯಿತಿಗಳಿವೆ. ಉದ್ದೇಶ ಮೆಚ್ಚತಕ್ಕದ್ದು. ಆದರೆ ಕುಡಿಯುವ ನೀರಿನಿಂದ ಬೇರ್ಪಟ್ಟ ಲವಣಗಳೆಲ್ಲ ಸೇರಿ ದಟ್ಟವಾಗುವುದು ಆ ತ್ಯಾಜ್ಯ ನೀರಿನಲ್ಲೇ. ಮಳೆ ಬಿದ್ದು ತೊಳೆದುಹೋಗುವ ಬಯಲು ನೆಲದ ಮಾತು ಬೇರೆ. ಐದಾರು ಲೀಟರ್ ಮಣ್ಣಿನ ಕುಂಡದಲ್ಲಿ ಆ ಲವಣ ದಿನೇದಿನೇ ಕೂಡುತ್ತ ಹೋಗಿ ಕುಂಡದ ಅಂಚಿನಲ್ಲಿ ಬಿಳಿ ಉಪ್ಪಾಗಿ ಹೆಪ್ಪುಗಟ್ಟುತ್ತದೆ, ಎಲೆಯ ಅಂಚು ಸುಡುತ್ತದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರು ಮೊದಲಾದೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ತಿಳಿದ ಸಂಗತಿ. ಡ್ರಸೀನಾ ಹಾಗೂ ಸ್ಪೈಡರ್ ಪ್ಲಾಂಟ್‌ಗಳು ಫ್ಲೋರೈಡನ್ನು ಸಹಿಸುವುದಿಲ್ಲ, ಅವುಗಳ ಎಲೆತುದಿ ಕಂದಾಗಿ ಒಣಗುತ್ತದೆ. ಅಂತಹ ಊರುಗಳಲ್ಲಿ ಕಚೇರಿಯ ಛಾವಣಿಯ ಮಳೆನೀರನ್ನು ಡ್ರಮ್ಮುಗಳಲ್ಲಿ ಹಿಡಿದು ಬಿಗಿಯಾಗಿ ಮುಚ್ಚಿಟ್ಟು ಕುಂಡಗಳಿಗೆ ಬಳಸುವುದೂ, ಬೋರ್‌ವೆಲ್ ನೀರೇ ಗತಿಯಾದಲ್ಲಿ ದಾಸವಾಳ, ಕಾಗದದ ಹೂವಿನಂತಹ ಗಟ್ಟಿ ಗಿಡಗಳನ್ನು ಆರಿಸುವುದೂ ವಿವೇಕ.

ಇನ್ನು ಸಸ್ಯಾಭಿವೃದ್ಧಿಯ ವಿಚಾರ. ಹೆಚ್ಚಿನ ಅಲಂಕಾರಿಕ ಗಿಡಗಳಿಗೆ ಬೀಜ ಬೇಕಿಲ್ಲ. ದಾಸವಾಳ, ಕಾಗದದ ಹೂ, ಕೇಪಳ, ಕ್ರೋಟನ್ ಇವುಗಳಿಗೆ ಕಡ್ಡಿಯೇ ಬೀಜ. ತೀರ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ, ಪೆನ್ಸಿಲ್ ಗಾತ್ರದ ರೆಂಬೆಯನ್ನು ಬೆಳಗಿನ ಹೊತ್ತು ಆರಿಸಿ, ಹತ್ತರಿಂದ ಹದಿನೈದು ಸೆಂಟಿಮೀಟರ್ ಉದ್ದಕ್ಕೆ, ಕೆಳತುದಿ ಗೆಣ್ಣಿನ ಕೆಳಗೆ ಬರುವಂತೆ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಗೆಣ್ಣಿನ ಸುತ್ತ ಬೇರು ಸುಲಭವಾಗಿ ಒಡೆಯುತ್ತದೆ. ಕೆಳಗಿನ ಎಲೆಗಳನ್ನು ತೆಗೆದು ಮೇಲೆ ಎರಡನ್ನು ಮಾತ್ರ ಉಳಿಸಿ, ಅವು ದೊಡ್ಡವಾಗಿದ್ದರೆ ಅರ್ಧಕ್ಕೆ ಕತ್ತರಿಸಬೇಕು. ಬೇರಿಲ್ಲದ ಕಡ್ಡಿ ನೀರನ್ನು ಸಾಕಷ್ಟು ಹೀರಲಾರದು, ಎಲೆ ಮಾತ್ರ ನೀರನ್ನು ಕಳೆಯುತ್ತಲೇ ಇರುತ್ತದೆ. ಎಲೆ ಕಡಿಮೆ ಮಾಡುವುದೂ ಮೇಲೆ ಪಾಲಿಥೀನ್ ಹೊದಿಕೆ ಹಾಕುವುದೂ ಈ ನಷ್ಟವನ್ನು ತಡೆಯಲಿಕ್ಕೇ. ಕಡ್ಡಿಗಳ ಕೆಳತುದಿಯನ್ನು ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕತ್ತರಿಸುವ ರೂಢಿಯನ್ನು ಬೆಳೆಸಿಕೊಂಡರೆ, ನೂರು ಕಡ್ಡಿ ಒಟ್ಟಿಗೆ ಬಿದ್ದಿರುವಾಗಲೂ ತಲೆಕೆಳಗಾಗಿ ಊರುವ ಪ್ರಮಾದವಾಗದು. ಐ.ಬಿ.ಎ. ಎಂಬ ಬೇರು ಬರಿಸುವ ಪುಡಿ ಗೊಬ್ಬರದಂಗಡಿಗಳಲ್ಲಿ ಸಿಗುತ್ತದೆ. ಕಾಗದದ ಹೂವಿನಂತೆ ಬೇರು ಬಿಡಲು ಹಟಮಾಡುವ ಗಿಡಗಳಿಗೆ ಅದರ ಪ್ರಯೋಜನ ಹೆಚ್ಚು.

ಊರುವ ಮಾಧ್ಯಮದಲ್ಲಿ ಗೊಬ್ಬರ ಇರಕೂಡದು. ಮರಳು ಮತ್ತು ನಾರಿನ ಪುಡಿ ಸಮಪಾಲು ಇದ್ದರೆ ಸಾಕು. ಬಿದಿರ ಕಮಾನಿನ ಮೇಲೆ ಪಾಲಿಥೀನ್ ಹೊದಿಸಿದ ಗುಡಾರ ನೆರಳಿನಲ್ಲಿಯೇ ಇರಬೇಕು. ಬಿಸಿಲಿಗಿಟ್ಟರೆ ಅದರೊಳಗಿನ ಕಡ್ಡಿ ಬೆಂದುಹೋಗುತ್ತದೆ. ಮೂರರಿಂದ ಆರು ವಾರಗಳಲ್ಲಿ ಬೇರು ಮೂಡುತ್ತದೆ. ಚಿಗುರು ಕಂಡ ಮಾತ್ರಕ್ಕೆ ಬೇರು ಬಂದಿದೆಯೆಂದು ತಿಳಿಯಬಾರದು, ಕಡ್ಡಿಯಲ್ಲಿನ ಸಂಗ್ರಹದಿಂದಲೂ ಚಿಗುರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ಕದಲದಿದ್ದರೆ ಬೇರು ಹಿಡಿದಿದೆ. ಆತುರದ ಕೈಗಳಿಂದಾಗುವ ನಷ್ಟ ಈ ಹಂತದಲ್ಲೇ ಅಧಿಕ.

ಕ್ರೋಟನ್‌ನ ಎತ್ತರದ ಗಿಡ ಬುಡದಲ್ಲಿ ಎಲೆಯುದುರಿ ಬೋಳಾದಾಗ ಅದನ್ನು ಎಸೆಯುವ ಬದಲು ಗೂಟಿ ಕಟ್ಟಬಹುದು. ಕಾಂಡದ ಸುತ್ತ ಒಂದಂಗುಲದಷ್ಟು ಸಿಪ್ಪೆಯನ್ನು ಬಳೆಯಾಕಾರದಲ್ಲಿ ತೆಗೆದು, ಒದ್ದೆ ಪಾಚಿಯನ್ನೋ ನಾರಿನ ಪುಡಿಯನ್ನೋ ಸುತ್ತಿ, ಪಾಲಿಥೀನಿನಿಂದ ಬಿಗಿದರೆ ಸುಮಾರು ಆರರಿಂದ ಎಂಟು ವಾರಗಳಲ್ಲಿ ಹಾಳೆಯೊಳಗೆ ಬೇರು ಕಾಣಿಸುತ್ತದೆ. ಕೆಳಗೆ ಕತ್ತರಿಸಿ ನೆಟ್ಟರೆ ಅದೇ ದಿನ ಎತ್ತರದ ಹೊಸ ಗಿಡ ಸಿದ್ಧ. ಹಳೆಯ ಬುಡವೂ ಮತ್ತೆ ಚಿಗುರುತ್ತದೆ. ಮನಿ ಪ್ಲಾಂಟ್‌ಗೆ ಒಂದು ಗೆಣ್ಣು, ಒಂದು ಎಲೆ ಸಾಕು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ವಿಷಯದಲ್ಲಿ ಎಚ್ಚರ ಬೇಕು: ಅದರ ಎಲೆಯ ತುಂಡನ್ನು ಊರಿದರೆ ಗಿಡವೇನೋ ಬರುತ್ತದೆ, ಹಳದಿ ಅಂಚು ಬರುವುದಿಲ್ಲ, ಬರೀ ಹಸಿರು ಗಿಡವಾಗುತ್ತದೆ. ಬಣ್ಣ ಉಳಿಯಬೇಕಾದರೆ ಬುಡದ ಗೆಡ್ಡೆಯನ್ನೇ ಮರಿಯೊಡನೆ ಬೇರ್ಪಡಿಸಬೇಕು. ಈ ಸಂಗತಿ ತಿಳಿಯದೆ ಇನ್ನೂರು ತುಂಡು ಊರಿದ ಸಂಘಕ್ಕೆ ಮಾರಾಟದ ದಿನ ನಿರಾಶೆ ಕಾದಿರುತ್ತದೆ. ಪಾಮ್ ಜಾತಿಗೆ ಕಡ್ಡಿ ಊರುವ ಮಾತೇ ಇಲ್ಲ, ಬೀಜದಿಂದ ನಿಧಾನವಾಗಿ ಬೆಳೆಯಬೇಕು. ಅರೆಕಾ ಪಾಮ್ ಕುರಿತು ಕಚೇರಿಗಳಿಗಿರುವ ವ್ಯಾಮೋಹ ಸ್ವಲ್ಪ ತಗ್ಗಿದರೆ ಒಳ್ಳೆಯದು.

ಇದನ್ನು ಲೆಕ್ಕದಲ್ಲಿ ನೋಡೋಣ. ಹತ್ತು ತಾಯಿ ಗಿಡಗಳಿಂದ ತಲಾ ಹತ್ತು ಕಡ್ಡಿ ತೆಗೆದು, ನೂರರಲ್ಲಿ ಅರವತ್ತು ಮಾತ್ರ ಬೇರು ಬಿಟ್ಟವೆಂದು ಭಾವಿಸಿದರೂ, ಹತ್ತನ್ನು ಹೊಸ ತಾಯಿ ಗಿಡಗಳಾಗಿ ಉಳಿಸಿಕೊಂಡು ಐವತ್ತನ್ನು ಕಚೇರಿ, ಗ್ರಂಥಾಲಯ, ಶಾಲೆಗಳಿಗೆ ಕೊಡಬಹುದು. ಮರುವರ್ಷ ತಾಯಿ ಗಿಡಗಳು ಇಪ್ಪತ್ತು. ಒಂದೇ ಬಾರಿ ಕೊಂಡ ಹತ್ತು ಗಿಡಗಳ ಮೇಲೆ ನಿಂತಿರುವ ಲೆಕ್ಕ ಇದು.

ಈ ಕೆಲಸವನ್ನು ವಹಿಸಿಕೊಳ್ಳಲು ಸಂಜೀವಿನಿ ಯೋಜನೆಯಡಿ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟಗಳು ಈಗಾಗಲೇ ಇವೆ. ಕಚೇರಿ ಆವರಣದಲ್ಲಿಯೋ ಶಾಲೆಯ ಹಿಂಭಾಗದಲ್ಲಿಯೋ ನೀರಿನ ಸೌಕರ್ಯವಿರುವ ಒಂದು ಗುಂಟೆಗೂ ಕಡಿಮೆ ಜಾಗ, ನೆರಳುಬಲೆ, ಬೇಲಿ ಇಷ್ಟನ್ನು ಒದಗಿಸಿದರೆ ಆರಂಭಕ್ಕೆ ಸಾಕು. ತರಬೇತಿಗೆ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನೂ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನೂ ಕೋರಬಹುದು. ಇದುವರೆಗೆ ಹೇಳಿದ ಯಾವುದೂ ಕಷ್ಟವಲ್ಲ. ಕಷ್ಟವಿರುವುದು ಪಾವತಿಯಲ್ಲಿ. ಗಿಡ ಪೂರೈಸಿದ ಸಂಘದ ಬಿಲ್ಲು ಆರು ತಿಂಗಳು ಕಡತದಲ್ಲಿ ಉಳಿದರೆ ಗಿಡಕ್ಕಿಂತ ಮೊದಲು ಸಂಘ ಬಾಡುತ್ತದೆ. ದಿನಗೂಲಿ ಬಿಟ್ಟು ಬಂದು ನೀರೆರೆದ ಮಹಿಳೆ ಎರಡನೆಯ ವರ್ಷ ಬರುವುದಿಲ್ಲ. ಹೊರಗಿನ ಸರಬರಾಜುದಾರ ವಿಳಂಬವನ್ನು ಸಹಿಸಿಯಾನು, ಆ ನಷ್ಟವನ್ನು ಮುಂದಿನ ದರದಲ್ಲಿ ಸೇರಿಸಿಯಾನು. ಆಕೆಗೆ ಆ ಅವಕಾಶವಿಲ್ಲ. ಆದ್ದರಿಂದ ಸಭೆಯ ನಿರ್ಣಯದಲ್ಲಿ ಗಿಡದ ದರವನ್ನಷ್ಟೇ ಬರೆಯದೆ ಪಾವತಿಯ ಗಡುವನ್ನೂ ಬರೆಯುವುದು ಸೂಕ್ತ. ದರದ ಮುಕ್ಕಾಲು ಭಾಗವನ್ನು ಗಿಡ ಒಪ್ಪಿಸಿದ ತಿಂಗಳೊಳಗೆ, ಉಳಿದ ಕಾಲು ಭಾಗವನ್ನು ಮೂರು ತಿಂಗಳ ಬಳಿಕ ಜೀವಂತ ಗಿಡಗಳನ್ನು ಎಣಿಸಿ ಕೊಡುವಂತಾದರೆ ಸಂಘಕ್ಕೂ ಪಂಚಾಯಿತಿಗೂ ಗಿಡ ಬದುಕುವುದರಲ್ಲಿ ಆಸಕ್ತಿ ಇರುತ್ತದೆ. ಆ ಮೂರು ತಿಂಗಳ ಆರೈಕೆ ಸಂಘದ್ದೇ ಆಗಿರಬೇಕೆಂಬುದನ್ನೂ ಬರೆಯಬೇಕು. ಇನ್ನೊಬ್ಬರ ಕೈಯಲ್ಲಿ ಸತ್ತ ಗಿಡಕ್ಕೆ ಸಂಘದ ಹಣ ಹಿಡಿಯುವುದು ಅನ್ಯಾಯ.

ಕಚೇರಿಯೊಳಗೆ ಇಡುವ ಗಿಡಗಳನ್ನು ಎರಡು ತಂಡ ಮಾಡಿಕೊಳ್ಳಬೇಕು. ಒಳಾಂಗಣದ ಗಿಡವೆಂದರೆ ಬೆಳಕು ಬೇಡದ ಗಿಡವೆಂದಲ್ಲ, ಕಡಿಮೆ ಬೆಳಕನ್ನು ಕೆಲಕಾಲ ತಾಳಿಕೊಳ್ಳುವ ಗಿಡವೆಂದು ಮಾತ್ರ. ಹದಿನೈದು ದಿನ ಒಳಗೆ, ಹದಿನೈದು ದಿನ ನೆರಳುಬಲೆಯಡಿ ಎಂದು ಅದಲುಬದಲು ಮಾಡಿದರೆ ಎರಡೂ ತಂಡ ಬದುಕುತ್ತವೆ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ, ತೇವ ತಾಗದಿದ್ದಾಗ ಮಾತ್ರ ತಳದಿಂದ ನೀರು ಹೊರಬರುವವರೆಗೆ ಹಾಕಬೇಕು. ದಿನಕ್ಕೊಂದು ಲೋಟದ ಲೆಕ್ಕ ಬೇಡ.

ಸುರಕ್ಷತೆಯ ಕೆಲವು ಮಾತುಗಳನ್ನು ಬಿಡುವಂತಿಲ್ಲ. ಅಂಗನವಾಡಿಗೆ ಕೊಡುವ ಗಿಡಗಳಲ್ಲಿ ಡೈಫೆನ್‌ಬೇಕಿಯಾ ಹಾಗೂ ಕಣಗಿಲೆ ಇರಲೇಬಾರದು. ಮೊದಲನೆಯದರ ಎಲೆ, ಕಾಂಡಗಳಲ್ಲಿರುವ ಸೂಜಿಯಂತಹ ಆಕ್ಸಲೇಟ್ ಹರಳುಗಳು ಮಗು ಕಚ್ಚಿದರೆ ಬಾಯಿ, ಗಂಟಲು ಊದುವಂತೆ ಮಾಡುತ್ತವೆ. ಎರಡನೆಯದರ ವಿಷ ಹೃದಯವನ್ನೇ ಬಾಧಿಸುತ್ತದೆ. ಮನಿ ಪ್ಲಾಂಟ್‌ನಲ್ಲೂ ಅಂತಹ ಹರಳುಗಳಿರುವುದರಿಂದ ಅದನ್ನು ಮಕ್ಕಳ ಕೈಗೆಟುಕದ ಎತ್ತರದಲ್ಲಿಡಬೇಕು. ದಾಸವಾಳ, ಸ್ಪೈಡರ್ ಪ್ಲಾಂಟ್ ಅಂಗನವಾಡಿಗೆ ಯೋಗ್ಯ. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಸೊಳ್ಳೆಗೆ ತಾಣ. ವಾರಕ್ಕೊಮ್ಮೆ ಚೆಲ್ಲಿದರಷ್ಟೇ ಸಾಲದು, ಉಜ್ಜಿ ತೊಳೆಯಬೇಕು; ಏಕೆಂದರೆ ತಟ್ಟೆಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಕುಂಡಗಳನ್ನು ಕಿಟಕಿಯ ಸಜ್ಜಾದ ಮೇಲೆ ಸಾಲಾಗಿ ಇಡುವುದೂ ಸಲ್ಲದು. ಕುಂಡದ ಅಗಲ, ಎತ್ತರಗಳೆರಡೂ ಒಂದೂವರೆ ಪಟ್ಟಾದರೆ ಮಣ್ಣು ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಹನ್ನೆರಡು ಇಂಚಿನ ಕುಂಡವೊಂದು ತೊಯ್ದಾಗ ಇಪ್ಪತ್ತೈದು ಕೆ.ಜಿ.ಗೂ ಹೆಚ್ಚು ತೂಗಬಲ್ಲದು. ಹಳೆಯ ಕಟ್ಟಡಗಳ ಸಜ್ಜಾ ಅಂತಹ ಭಾರಕ್ಕೆ ಕಟ್ಟಿದ್ದಲ್ಲ.

ಗಿಡದ ಆಯ್ಕೆಯಲ್ಲಿ ಇನ್ನೊಂದು ಎಚ್ಚರ. ಬಂಡೀಪುರದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಕಾಡನ್ನು ಆವರಿಸಿರುವ ಲಂಟಾನ, ಕೆರೆಗಳನ್ನು ಮುಚ್ಚಿರುವ ವಾಟರ್ ಹೈಯಾಸಿಂತ್ ಎರಡೂ ಒಂದು ಕಾಲಕ್ಕೆ ಅಂದಕ್ಕೆಂದು ಹೊರದೇಶದಿಂದ ತಂದ ಗಿಡಗಳೇ. ಹೂ ಚೆನ್ನಾಗಿದೆಯೆಂದು ಕೆರೆಯಂಗಳದ ಊರಿನಲ್ಲಿ ತೊಟ್ಟಿಯೊಳಗೆ ಇವನ್ನು ಸಾಕಬಾರದು.

ಕಡ್ಡಿ ಊರಲು ಪ್ರಶಸ್ತ ಕಾಲ ಮುಂಗಾರು ನೆಲೆನಿಂತ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಅದಕ್ಕಾಗಿ ತಾಯಿ ಗಿಡಗಳ ಆಯ್ಕೆ, ಜಾಗದ ನಿಗದಿ ಹಾಗೂ ಒಕ್ಕೂಟದೊಡನೆ ಮಾತುಕತೆ ಏಪ್ರಿಲ್‌ನಲ್ಲಿಯೇ ಮುಗಿಯಬೇಕು; ನೆರಳುಬಲೆ ಮೇ ತಿಂಗಳಲ್ಲಿ ಮೇಲೇರಬೇಕು. ಜುಲೈನಲ್ಲಿ ಊರಿದ ಕಡ್ಡಿ ಆ ಆಗಸ್ಟ್ 15ಕ್ಕೆ ಸಿದ್ಧವಾಗದು, ಮುಂದಿನ ಜನವರಿ 26ಕ್ಕೆ ಕುಂಡದಲ್ಲಿ ನಿಲ್ಲಬಲ್ಲದು. ಮೊದಲ ವರ್ಷದ ಆಗಸ್ಟ್‌ಗೆ ಹತ್ತು ತಾಯಿ ಗಿಡಗಳನ್ನೇ ಧ್ವಜಕಟ್ಟೆಯ ಸುತ್ತ ಒಂದು ದಿನ ಇಟ್ಟು, ಸಂಜೆಗೆ ಮರಳಿ ನೆರಳುಬಲೆಯಡಿಗೆ ಒಯ್ಯಬಹುದು.